ಕಲ್ಲೇಶನ ಚೈನಾ ಶಾವಿಗೆ

ಮೊನ್ನೆ ನನ್ನ ಮಗಳು ನೂಡಲ್ಸ್ ಪ್ಯಾಕೆಟ್ಟು ಹರಿದು, ಒಳಗಿನ ಬಿಲ್ಲೆಯನ್ನು ಎರಡು ಕೈಯಲ್ಲಿ ಹಿಡಿದು ಕಟಕ್ಕನೆ ಮುರಿದಳು. ನಡುಮನೆಯಲ್ಲಿ ಅವರೆಕಾಯಿ ಸುಲಿಯುತ್ತ ಕೂತಿದ್ದ ನಾನು ‘ಅಯ್ಯೋ, ಮುರೀಬೇಡ್ವೇ!’ ಎಂದು ಕೂಗಿದ ಕೂಗಿಗೆ ಕಿಟಕಿಯಲ್ಲಿ ಮಲಗಿದ್ದ ಬೆಕ್ಕು ಎದ್ದು ಹೋಯಿತು. ‘ಪಾತ್ರೆ ಚಿಕ್ಕದಮ್ಮಾ. ಮುರೀದೆ ಹೆಂಗ್ ಹಾಕ್ಲಿ? ಮುರಿದ್ರೆ ಏನಾಗುತ್ತೆ?’ ಎಂದಳು ಮಗಳು. ಏನಾಗುತ್ತದೆ ಎಂದು ಹೇಳಲು ನೂಡಲ್ಸ್ ಬೇಯುವಷ್ಟು ಹೊತ್ತು ಸಾಲದು, ಅವಳಿಗೆ ಅಷ್ಟು ಪುರುಸೊತ್ತೂ ಇರಲಿಲ್ಲ. ನಿಮಗಿದ್ದರೆ ಹೇಳುತ್ತೇನೆ.

ನನ್ನ ತವರು ಅರಸೀಕೆರೆ. ಅಪ್ಪನದು ಕೊಬ್ಬರಿ ಮಂಡಿ. ಅಪ್ಪ ಮಂಡಿ ನಡೆಸುತ್ತಿದ್ದ, ಮನೆಯನ್ನು ಅಪ್ಪನ ಅಕ್ಕ ಗೌರತ್ತೆ ನಡೆಸುತ್ತಿದ್ದಳು. ಅಮ್ಮನೂ ಇದ್ದಳೆನ್ನಿ. ಆದರೆ ಗೌರತ್ತೆ ಇರುವ ಮನೆಯಲ್ಲಿ ಬೇರೆಯವರು ಇರುವುದು ಅಷ್ಟಾಗಿ ಕಾಣಿಸುತ್ತಿರಲಿಲ್ಲ. ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದಾಗ ಅತ್ತೆ ತನ್ನ ಜೊತೆ ತಂದದ್ದು ಒಂದು ಟ್ರಂಕು ಮತ್ತು ಒಂದು ಶಾವಿಗೆ ಒರಳು. ಟ್ರಂಕಿನಲ್ಲಿ ಏನಿತ್ತೋ ನಮಗೆ ಗೊತ್ತಾಗಲಿಲ್ಲ. ಒರಳು ಮಾತ್ರ ಇಡೀ ಬೀದಿಗೆ ಗೊತ್ತಿತ್ತು.

ಈಗಿನವರು ಶಾವಿಗೆ ಒರಳು ಎಂದರೆ ಕೈಯಲ್ಲಿ ತಿರುಗಿಸುವ ಚಕ್ಕುಲಿ ಒರಳಿನಂಥದ್ದು ಅಂದುಕೊಂಡಿರುತ್ತಾರೆ. ಅತ್ತೆಯದು ಹಲಸಿನ ಮರದ್ದು, ನಾಲ್ಕು ಕಾಲಿನ ಮೇಲೆ ಕರುವಿನ ಹಾಗೆ ನಿಲ್ಲುತ್ತಿತ್ತು. ನಡುವೆ ತೂತುಗಳಿದ್ದ ಹಿತ್ತಾಳೆ ಬಿಲ್ಲೆ, ಮೇಲೆ ಉದ್ದನೆಯ ಮರದ ತೋಳು. ಬೇಯಿಸಿದ ಅಕ್ಕಿಹಿಟ್ಟಿನ ಉಂಡೆಯನ್ನು ಬಿಸಿಬಿಸಿಯಾಗಿ ಅದರೊಳಗೆ ತುಂಬಿ ತೋಳನ್ನು ಒತ್ತಿದರೆ ಕೆಳಗೆ ಬಾಳೆಲೆಯ ಮೇಲೆ ಎಳೆ ಎಳೆಯಾಗಿ ಶಾವಿಗೆ ಇಳಿಯುತ್ತಿತ್ತು. ಒತ್ತುವುದಕ್ಕೆ ಬಲಕ್ಕಿಂತ ಹೆಚ್ಚಾಗಿ ಬೇಕಾದದ್ದು ಭಾರ. ತೋಳಿನ ತುದಿಯಲ್ಲಿ ಒಬ್ಬರು ಕೂತುಬಿಟ್ಟರೆ ಕೆಲಸ ಸುಲಭ.

ಆ ಒಬ್ಬರು ನಾನು. ನನ್ನ ಹೆಸರು ವಿಶಾಲಾಕ್ಷಿ. ಅಗಲವಾದ ಕಣ್ಣಿನವಳು ಎಂದು ಅರ್ಥ. ಶಾಲೆಯಲ್ಲಿ ಹುಡುಗಿಯರು ‘ಅಕ್ಷಿ’ಯನ್ನು ಬಿಟ್ಟು ‘ವಿಶಾಲ’ವನ್ನು ಮಾತ್ರ ಉಳಿಸಿಕೊಂಡಿದ್ದರು. ಕೊಬ್ಬರಿ ಮಂಡಿಯ ಮಗಳು ಸಣ್ಣಗಿದ್ದರೆ ಅಪ್ಪನ ವ್ಯಾಪಾರಕ್ಕೇ ಕೆಟ್ಟ ಹೆಸರು ಎಂದು ನಾನು ಸಮಾಧಾನ ಮಾಡಿಕೊಳ್ಳುತ್ತಿದ್ದೆ. ಶಾವಿಗೆ ಒತ್ತುವ ದಿನ ಮನೆಯಿಂದ ಶಾಲೆಗೆ ಹೇಳಿಕಳುಹಿಸುತ್ತಿದ್ದರು. ಮೇಷ್ಟ್ರು ಪಾಠ ನಿಲ್ಲಿಸಿ, ‘ವಿಶಾಲಾಕ್ಷಿ, ಮನೆಗೆ ಹೋಗಮ್ಮ. ಕೂರೋದಕ್ಕೆ ಕರೀತಿದಾರೆ’ ಎನ್ನುತ್ತಿದ್ದರು. ನಾನು ಚೀಲ ಎತ್ತಿಕೊಂಡು ಠೀವಿಯಿಂದ ಹೊರಡುತ್ತಿದ್ದೆ. ಕೂತರೆ ಸಾಕು ಎಂಬ ಕೆಲಸ ಎಷ್ಟು ಜನಕ್ಕೆ ಸಿಗುತ್ತದೆ ಹೇಳಿ.

ಇಷ್ಟಕ್ಕೂ ಆ ಶಾವಿಗೆ ಬರೀ ತಿಂಡಿಯಾಗಿರಲಿಲ್ಲ. ಗೌರತ್ತೆಯ ಕಾನೂನಿನ ಪ್ರಕಾರ, ಹೆಣ್ಣು ನೋಡಲು ಬಂದವರಿಗೆ ಉಪ್ಪಿಟ್ಟು, ಕೇಸರಿಬಾತು, ಕಾಫಿ. ಅಲ್ಲಿಗೆ ಮುಗಿಯಿತು. ಎರಡೂ ಕಡೆಯವರು ಒಪ್ಪಿ ಸಂಬಂಧ ಕುದುರಿದ ಮೇಲಷ್ಟೇ ಒರಳು ಅಟ್ಟದಿಂದ ಇಳಿಯುತ್ತಿತ್ತು. ಗಂಡು ಹೆಣ್ಣಿಗೆ ಒಟ್ಟಿಗೆ ಶಾವಿಗೆ ಬಡಿಸಿ, ಬೆಲ್ಲ ಏಲಕ್ಕಿ ಹಾಕಿದ ಕಾಯಿಹಾಲು ಸುರಿದರೆ ಮಾತು ಪಕ್ಕಾ. ಎಳೆ ಮುರಿಯಬಾರದು, ಮುರಿದರೆ ಸಂಬಂಧ ಮುರಿದಂತೆ. ನಮ್ಮ ಬೀದಿಯಲ್ಲಿ ‘ಮದುವೆ ಗೊತ್ತಾಯ್ತಾ?’ ಎಂದು ಯಾರೂ ಕೇಳುತ್ತಿರಲಿಲ್ಲ. ‘ಗೌರಕ್ಕ, ಶಾವಿಗೆ ಒತ್ತಿದ್ರಾ?’ ಎಂದು ಕೇಳುತ್ತಿದ್ದರು. ದೊಡ್ಡಪ್ಪನ ಹೆಣ್ಣುಮಕ್ಕಳೆಲ್ಲ ಗಂಡನ ಮನೆ ಸೇರಿದ್ದು ನನ್ನ ಭಾರದಿಂದಲೇ ಎಂದು ನಾನು ಈಗಲೂ ಹೇಳಿಕೊಳ್ಳುತ್ತೇನೆ, ಅವರು ಒಪ್ಪದಿದ್ದರೂ.

ತೊಂದರೆ ಶುರುವಾದದ್ದು ನನ್ನ ಸರದಿ ಬಂದಾಗ. ನಮಗೆ ಬರುತ್ತಿದ್ದ ಸಂಬಂಧಗಳು ಹೆಚ್ಚಾಗಿ ಬೇಲೂರು, ಹಳೇಬೀಡಿನ ಕಡೆಯವು. ಆ ಸೀಮೆಯ ಗಂಡಿನ ಕಡೆಯವರಿಗೆ ಹೆಣ್ಣು ತೋರಿಸುವುದು ಕಷ್ಟ ಕಣ್ರೀ. ಹುಟ್ಟಿದಾಗಿನಿಂದ ಶಿಲಾಬಾಲಿಕೆಯರನ್ನು ನೋಡಿಕೊಂಡು ಬೆಳೆದವರು. ಸೊಂಟ ಹೀಗಿರಬೇಕು, ಕತ್ತು ಹಾಗಿರಬೇಕು ಎಂದು ಕಲ್ಲಿನಲ್ಲೇ ಕೊರೆದಿಟ್ಟ ಮೇಲೆ, ಉಪ್ಪಿಟ್ಟಿನ ತಟ್ಟೆ ಹಿಡಿದು ಬಾಗಿಲಲ್ಲಿ ಓರೆಯಾಗಿ ನಿಂತ ನನ್ನನ್ನು ಅವರು ಏನೆಂದು ನೋಡಬೇಕು? ಓರೆಯಾಗಿ ನಿಲ್ಲುತ್ತಿದ್ದದ್ದು ನಾಚಿಕೆಯಿಂದಲ್ಲ, ಅಮ್ಮ ಹೇಳಿಕೊಟ್ಟದ್ದು. ಬಂದವರು ಎರಡನೆಯ ಸಲ ಉಪ್ಪಿಟ್ಟು ಹಾಕಿಸಿಕೊಂಡು, ‘ಊರಿಗೆ ಹೋಗಿ ತಿಳಿಸ್ತೀವಿ’ ಎಂದು ಹೇಳಿ ಹೋಗುತ್ತಿದ್ದರು. ಒರಳು ಅಟ್ಟದ ಮೇಲೆ ಧೂಳು ತಿನ್ನುತ್ತ ಕೂತಿತ್ತು. ನಾನು ಬಿ.ಎ. ಮುಗಿಸಿ ಟೈಪಿಂಗ್ ಕ್ಲಾಸಿಗೆ ಹೋಗುತ್ತಿದ್ದೆ. ಊರಲ್ಲಿ ಕಂಪ್ಯೂಟರ್ ಬಂದು ಟೈಪಿಂಗ್ ಯಾರಿಗೂ ಬೇಡವಾಗಿದ್ದ ಕಾಲ ಅದು. ಬೇಡವಾದವರೆಲ್ಲ ಒಂದೇ ಕಡೆ ಸೇರುವುದು ಸಹಜ ತಾನೇ?

ಅಂಥ ಸಮಯದಲ್ಲಿ ಹಳೇಬೀಡಿನ ಹತ್ತಿರದ ಹಗರೆಯಿಂದ ಲೋಕೇಶ ಎಂಬ ಹುಡುಗ ತಾಯಿಯ ಜೊತೆ ನನ್ನನ್ನು ನೋಡಲು ಬಂದ. ಹಾಲಿನ ಡೇರಿಯಲ್ಲಿ ಕೆಲಸ. ಏನು ಕೆಲಸ ಎಂದು ಅಪ್ಪ ಕೇಳಿದ್ದಕ್ಕೆ ಅವನು, ‘ಫ್ಯಾಟ್ ನೋಡೋದು’ ಎಂದ. ಒಳಗೆ ಅಡುಗೆಮನೆಯಲ್ಲಿ ತಟ್ಟೆ ಹಿಡಿದು ನಿಂತಿದ್ದ ನಾನು ಸೆರಗನ್ನು ಇನ್ನಷ್ಟು ಎಳೆದು ಹೊದ್ದುಕೊಂಡೆ. ಹಾಲಿನಲ್ಲಿ ಜಿಡ್ಡು ಎಷ್ಟಿದೆ ಎಂದು ಅಳೆಯುವ ಕೆಲಸ ಅದು ಎಂದು ಆಮೇಲೆ ತಿಳಿಯಿತು. ಆ ದಿನ ನಾನು ಅವನೆದುರು ಆಡಿದ್ದು ಒಂದೇ ಮಾತು, ನನ್ನ ಹೆಸರು. ಅವರೂ ‘ತಿಳಿಸ್ತೀವಿ’ ಎಂದು ಹೋದರು.

ಇನ್ನು ಕಲ್ಲೇಶನ ವಿಷಯಕ್ಕೆ ಬರುತ್ತೇನೆ. ಪಕ್ಕದ ಗಂಡಸಿ ಎಂಬ ಊರಿನ ಈ ಕಲ್ಲೇಶ ಬೊಂಬಾಯಿಯಲ್ಲಿ ಯಾವುದೋ ಹೋಟೆಲಿನಲ್ಲಿ ಅಡುಗೆ ಕಲಿತು ಬಂದು, ನಮ್ಮ ಬೀದಿಯ ತಿರುವಿನಲ್ಲಿ ‘ಶ್ರೀ ಕಲ್ಲೇಶ್ವರ ಚೈನೀಸ್ ಕಾರ್ನರ್, ಶುದ್ಧ ಸಸ್ಯಾಹಾರಿ’ ಎಂಬ ಹೋಟೆಲು ತೆರೆದಿದ್ದ. ಬೋರ್ಡಿನಲ್ಲಿ ಡ್ರ್ಯಾಗನ್ ಬರೆಯಲು ಹೇಳಿದರೆ, ಅದನ್ನು ಕಂಡರಿಯದ ಪೇಂಟರು ಬೇಲೂರಿನ ಮಕರವನ್ನೇ ಬರೆದು ಬಾಯಲ್ಲಿ ಬೆಂಕಿ ಇಟ್ಟಿದ್ದ. ಮೊದಲು ‘ನೂಡಲ್ಸ್ ದೊರೆಯುತ್ತದೆ’ ಎಂದು ಬರೆಸಿದಾಗ ಯಾರೂ ಹತ್ತಿರ ಸುಳಿಯಲಿಲ್ಲ. ಪಕ್ಕದಲ್ಲಿ ಬರೆಸಿದ್ದ ಎಳೆಗಳ ಚಿತ್ರ ನೋಡಿ ಕೂದಲು ಗುಂಗುರು ಮಾಡುವ ಅಂಗಡಿ ಎಂದುಕೊಂಡವರೂ ಇದ್ದರು. ಕೊನೆಗೆ ಕಲ್ಲೇಶ ಅದನ್ನು ಅಳಿಸಿ, ಎಲ್ಲರಿಗೂ ಅರ್ಥವಾಗಲಿ ಎಂದು ‘ಚೈನಾ ಶಾವಿಗೆ’ ಎಂದು ಬರೆಸಿದ. ಕಾಲೇಜು ಹುಡುಗರು ಹೋಗತೊಡಗಿದರು. ದೊಡ್ಡವರು ಹೋಗಲಿಲ್ಲ. ಆ ಎಳೆಗಳು ಹೊಟ್ಟೆಯೊಳಗೆ ಗಂಟು ಹಾಕಿಕೊಳ್ಳುತ್ತವೆ, ಹಾಸನದ ಆಸ್ಪತ್ರೆಗೆ ಹೋಗಿಯೇ ಬಿಚ್ಚಿಸಬೇಕು ಎಂದು ಪಕ್ಕದ ಮನೆ ಶಾಂತಮ್ಮ ಬೀದಿಗೆಲ್ಲ ಹೇಳಿದ್ದರು. ಶಾಂತಮ್ಮ ಹೇಳಿದ್ದು ನಮ್ಮ ಬೀದಿಯಲ್ಲಿ ಪೇಪರಿನಲ್ಲಿ ಬಂದದ್ದಕ್ಕಿಂತ ಬೇಗ ಹಬ್ಬುತ್ತಿತ್ತು.

ಒಂದು ಸಂಜೆ ಟೈಪಿಂಗ್ ಕ್ಲಾಸಿನಿಂದ ಹೊರಗೆ ಬಂದರೆ ಎದುರಿಗೆ ಲೋಕೇಶ ನಿಂತಿದ್ದ. ಇಸ್ತ್ರಿ ಮಾಡಿದ ಅಂಗಿ, ಬೆನ್ನಿನ ಕಡೆ ಮಾತ್ರ ಬಸ್ಸಿನಲ್ಲಿ ಮುದುರಿತ್ತು.

‘ಒಂದೆರಡು ಮಾತಾಡಬೇಕಿತ್ತು ರೀ. ಇಲ್ಲೇ ಎಲ್ಲಾದ್ರೂ ಕಾಫಿ…’ ಎಂದ.

ಎಲ್ಲಿಗೆ ಹೋಗುವುದು? ಊರಿನ ಯಾವ ಕಾಫಿ ಹೋಟೆಲಿಗೆ ಹೋದರೂ ಅಪ್ಪನ ಮಂಡಿ ಗೆಳೆಯರು ಇದ್ದೇ ಇರುತ್ತಿದ್ದರು. ಅಪ್ಪನ ವಯಸ್ಸಿನವರು ಯಾರೂ ಕಾಲಿಡದ ಹೋಟೆಲು ಎಂದರೆ ಒಂದೇ. ಅದು ನಮ್ಮ ಮನೆಯಿಂದ ಕೂಗಳತೆಯಲ್ಲಿದೆ ಎಂಬುದನ್ನು ನನ್ನ ತಲೆ ಆಗ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ನನ್ನ ಜೊತೆ ಮಾತಾಡಲು ಒಬ್ಬ ಹುಡುಗ ಬಸ್ಸು ಹತ್ತಿ ಬಂದದ್ದು ಅದೇ ಮೊದಲು. ತಲೆ ಸರಿಯಾಗಿರಲು ಹೇಗೆ ಸಾಧ್ಯ?

‘ಬನ್ನಿ ಅಕ್ಕ, ಬನ್ನಿ ಸಾರ್!’ ಎಂದು ಕಲ್ಲೇಶ ಬಾಣಲೆಯ ಹಿಂದಿನಿಂದ ಕೂಗಿದ. ‘ಗೋಬಿ ಐತೆ, ಶಾವಿಗೆ ಐತೆ, ಶಾವಿಗೆ ಗೋಬಿ ಮಿಕ್ಸು ಐತೆ. ಏನ್ ಕೊಡ್ಲಿ?’

ಇಬ್ಬರೂ ಮುಖ ಮುಖ ನೋಡಿಕೊಂಡೆವು. ಇಬ್ಬರಿಗೂ ಇದು ಮೊದಲನೆಯ ಸಲ ಎಂದು ಆಗಲೇ ಗೊತ್ತಾಯಿತು. ಲೋಕೇಶ ಧೈರ್ಯ ಮಾಡಿ, ‘ಶಾವಿಗೇನೇ ಕೊಡಿ’ ಎಂದ.

‘ಎರಡ್ ಶಾವಿಗೇ…!’ ಎಂದು ಕಲ್ಲೇಶ ರಾಗವಾಗಿ ಕೂಗಿದ. ಅವನ ಹೋಟೆಲಿನಲ್ಲಿ ಅಡುಗೆ ಮಾಡುವವನೂ ಅವನೇ, ಬಡಿಸುವವನೂ ಅವನೇ. ಯಾರಿಗೆ ಕೂಗಿದನೋ ದೇವರಿಗೇ ಗೊತ್ತು. ಬೀದಿಗೆ ಮಾತ್ರ ಚೆನ್ನಾಗಿ ಕೇಳಿಸಿತು. ಆ ಹೊತ್ತಿಗೆ ಸರಿಯಾಗಿ ಶಾಂತಮ್ಮ ಸೊಪ್ಪು ಹಿಡಿದುಕೊಂಡು ಹೋಟೆಲಿನ ಮುಂದೆ ಹೋಗುತ್ತಿದ್ದರು. ಅವರು ನಿಂತರು, ನೋಡಿದರು, ಸೊಪ್ಪನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿ ನಮ್ಮ ಮನೆಯ ಕಡೆ ಬಿರಬಿರನೆ ನಡೆದರು. ಬೆನ್ನು ಹಾಕಿ ಕೂತಿದ್ದ ನನಗೆ ಇದೊಂದೂ ಕಾಣಲಿಲ್ಲ. ಆಮೇಲೆ ಕಲ್ಲೇಶ ಹೇಳಿದ್ದು.

ತಟ್ಟೆ ಬಂತು. ಎಲೆಕೋಸು, ಕ್ಯಾರೆಟ್ಟು, ದೊಣ್ಣೆಮೆಣಸಿನಕಾಯಿಯ ನಡುವೆ ಕಂದು ಬಣ್ಣದ ಶಾವಿಗೆ ಹೊಗೆಯಾಡುತ್ತ ಹೊಳೆಯುತ್ತಿತ್ತು. ಪಕ್ಕದಲ್ಲಿ ಮುಳ್ಳು ಚಮಚ. ನಾನು ಚುಚ್ಚಿದೆ, ಎಳೆಗಳು ಜಾರಿದವು. ಸುತ್ತಿದೆ, ಅರ್ಧ ತಟ್ಟೆಯೇ ಸುತ್ತಿಕೊಂಡು ಮೇಲೆ ಬಂತು. ಇಷ್ಟು ದೊಡ್ಡ ತುತ್ತು ತಿನ್ನುವುದನ್ನು ಅವನು ನೋಡಿದರೆ ಇನ್ನೇನು ಗತಿ ಎಂದು ಮೆಲ್ಲಗೆ ಕೆಳಗಿಳಿಸಿದೆ. ಅವನ ಕಡೆ ನೋಡಿದರೆ, ಚಮಚದ ಅಂಚಿನಿಂದ ಶಾವಿಗೆಯನ್ನು ಚೂರು ಚೂರು ಮಾಡಲು ಹೊರಟಿದ್ದ.

‘ಅಯ್ಯೋ, ಮುರೀಬೇಡ್ರೀ!’ ಎಂದೆ.

ಅವನ ಕೈ ಗಾಳಿಯಲ್ಲೇ ನಿಂತಿತು. ‘ಯಾಕ್ರೀ?’

ಯಾಕೆಂದು ಹೇಳಿದೆ. ಎಳೆ ಮುರಿದರೆ ಸಂಬಂಧ ಮುರಿದಂತೆ ಎಂದು ಹೇಳಿ ಮುಗಿಸಿದ ಮೇಲೆ ನಾನು ಏನು ಹೇಳಿದಂತಾಯಿತು ಎಂದು ಹೊಳೆದು ಕಿವಿ ಬಿಸಿಯಾಯಿತು. ಅವನಿಗೂ ಹೊಳೆದಿರಬೇಕು. ಚಮಚ ಕೆಳಗಿಟ್ಟು ಕೈಯಲ್ಲೇ ಒಂದು ಎಳೆ ಎತ್ತಿ, ಮುರಿಯದ ಹಾಗೆ ಸುರ್ರೆಂದು ಒಳಗೆಳೆದುಕೊಳ್ಳತೊಡಗಿದ. ಆ ಎಳೆ ಮುಗಿಯುತ್ತಲೇ ಇರಲಿಲ್ಲ.

‘ನಮ್ಮವ್ವ…’ ಎಂದು ಅವನು ಬಾಯಿ ಒರೆಸಿಕೊಂಡು ಶುರು ಮಾಡಿದ. ‘ನಮ್ಮವ್ವ ನಿಮ್ಮ ಮೈಕಟ್ಟಿನ ವಿಷಯ ಸ್ವಲ್ಪ ಹಿಂದೆ ಮುಂದೆ ನೋಡ್ತಿದ್ಲು. ನಾನೇ ಹೇಳ್ದೆ. ನಮ್ಮ ಡೇರೀಲಿ ಫ್ಯಾಟ್ ಜಾಸ್ತಿ ಇದ್ದಷ್ಟೂ ರೇಟು ಜಾಸ್ತಿ ಕಣವ್ವ, ಅಂತ.’

ನಾನು ಅವನನ್ನೇ ನೋಡಿದೆ. ಬಾಣಲೆಯ ಸದ್ದೂ ನಿಂತಿತ್ತು. ಕಲ್ಲೇಶನೂ ಕೇಳಿಸಿಕೊಂಡಿದ್ದ ಎಂದು ಕಾಣುತ್ತದೆ.

‘ಅಲ್ಲ, ಹಂಗಲ್ಲ ರೀ!’ ಎಂದು ಅವನು ಗಾಬರಿಯಾದ. ‘ಈಗ ನೋಡಿ, ಬೇಲೂರಿಗೆ ಬಂದೋರೆಲ್ಲ ಕತ್ತೆತ್ತಿ ಶಿಲಾಬಾಲಿಕೇನೇ ನೋಡ್ತಾರೆ. ನಂಗೆ ಚಿಕ್ಕಂದಿನಿಂದ್ಲೂ ಕೆಳಗಿನ ಸಾಲೇ ಇಷ್ಟ.’

‘ಕೆಳಗಿನ ಸಾಲು ಯಾವ್ದು?’ ಎಂದು ಕೇಳಿ ನಾನೂ ಕೈಯಲ್ಲೇ ಒಂದೆರಡು ಎಳೆ ಬಾಯಿಗಿಟ್ಟುಕೊಂಡೆ.

ಅವನು ಸುಳ್ಳು ಹೇಳಬಹುದಿತ್ತು. ‘ಆನೆ’ ಎಂದ.

ನನಗೆ ಸಿಟ್ಟು ಬರಬೇಕಾಗಿತ್ತು. ಆದರೆ ಬಂದದ್ದು ನಗು. ಬಾಯಲ್ಲಿದ್ದ ಶಾವಿಗೆ ನೆತ್ತಿಗೇರಿ, ಕಣ್ಣು ಮೂಗು ಎಲ್ಲ ಕಡೆಯಿಂದ ನೀರು ಸುರಿದು, ಕಲ್ಲೇಶ ನೀರಿನ ಜಗ್ಗು ಹಿಡಿದುಕೊಂಡು ಓಡಿಬಂದ. ಲೋಕೇಶ ಮಾತ್ರ ನಗಲಿಲ್ಲ. ‘ಇಡೀ ಗುಡಿ ಹೊತ್ಕೊಂಡಿರೋದು ಅವೇ ಅಲ್ವೇನ್ರೀ?’ ಎಂದ, ತಟ್ಟೆ ನೋಡುತ್ತ. ಆ ಮಾತು ಕೇಳಿ ನನ್ನ ನಗು ನಿಂತಿತು. ಅಲ್ಲಿಯ ತನಕ ನನ್ನ ಭಾರದ ಬಗ್ಗೆ ಯಾರೂ ಹಾಗೆ ಮಾತಾಡಿರಲಿಲ್ಲ, ಒರಳಿನ ಮೇಲೆ ಕೂರಿಸುತ್ತಿದ್ದ ಗೌರತ್ತೆಯೂ ಸೇರಿ.

‘ಅವ್ವ ಈಗ ಒಪ್ಪವ್ಳೆ. ನಿಮ್ಮಪ್ಪಾಜೀನೂ ಒಪ್ತಾರೆ. ನಿಮ್ಗೆ ಒಪ್ಪಿಗೇನಾ ಅಂತ ಯಾರೂ ಕೇಳ್ದಂಗಿಲ್ಲ. ಅದನ್ನ ಕೇಳಾಣ ಅಂತ್ಲೇ ಬಂದೆ’ ಎಂದ.

ನಾನು ಉತ್ತರ ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಅವನ ಕಣ್ಣು ನನ್ನ ಹಿಂದೆ, ಬಾಗಿಲ ಕಡೆ ಹೋಯಿತು. ತಿರುಗಿ ನೋಡಿದರೆ ಗೌರತ್ತೆ. ಸೆರಗು ಸೊಂಟಕ್ಕೆ ಸಿಕ್ಕಿಸಿದ್ದಳು. ಕೈಯಲ್ಲಿ ಸ್ಟೀಲಿನ ಕ್ಯಾನು. ಹಿಂದೆ ಶಾಂತಮ್ಮ, ಇನ್ನೂ ಸೊಪ್ಪು ಹಿಡಿದುಕೊಂಡೇ.

ನಡೆದದ್ದು ಇಷ್ಟು. ಶಾಂತಮ್ಮ ನಮ್ಮ ಮನೆಗೆ ಹೋಗಿ, ‘ಗೌರಕ್ಕ, ನಿಮ್ಮ ವಿಶಾಲು ಹಗರೆ ಹುಡುಗನ ಜೊತೆ ಶಾವಿಗೆ ತಿಂತಾ ಕುಂತವ್ಳೆ!’ ಎಂದಿದ್ದಾರೆ. ಬೇರೆ ಯಾವ ಬೀದಿಯಲ್ಲಾದರೂ ಈ ಮಾತಿಗೆ ಹೋಟೆಲು ತಿಂಡಿ ಎಂಬುದಕ್ಕಿಂತ ಹೆಚ್ಚಿನ ಅರ್ಥವಿರುತ್ತಿರಲಿಲ್ಲ. ಗೌರತ್ತೆಗೆ ಅರ್ಥವಾದದ್ದೇ ಬೇರೆ. ತನ್ನನ್ನು ಕೇಳದೆ, ತನ್ನ ಒರಳು ಇಳಿಸದೆ, ಹಾದಿಬದಿಯಲ್ಲಿ ಸಂಬಂಧ ಪಕ್ಕಾ ಆಗಿಹೋಯಿತು. ಬೇರೆಯವರಾಗಿದ್ದರೆ ಮೊದಲು ಬೈಯಲು ಓಡಿಬರುತ್ತಿದ್ದರು. ಅತ್ತೆಗೆ ಕಾನೂನು ಮೊದಲು, ಸಿಟ್ಟು ಆಮೇಲೆ. ಕಾಯಿಹಾಲಿಲ್ಲದೆ ಬರೀ ಶಾವಿಗೆ ತಿಂದರೆ ಹುಡುಗಿಯ ಬಾಳು ಒಣಗಿಹೋಗುತ್ತದೆ ಎಂದು, ಕಾಯಿ ಒಡೆದು, ಮಿಕ್ಸಿಗೆ ಹಾಕಿ, ಬೆಲ್ಲ ಕದಡಿ, ಏಲಕ್ಕಿ ಕುಟ್ಟಿ ಹಾಕಿಕೊಂಡೇ ಹೊರಟಿದ್ದಾಳೆ.

‘ಏಳಬೇಡಿ, ಕೂತ್ಕಳಿ’ ಎಂದಳು, ಎದ್ದು ನಿಂತಿದ್ದ ಲೋಕೇಶನಿಗೆ. ‘ತಿನ್ನೋವಾಗ ಎದ್ದೇಳಬಾರದು.’ ಹಾಗೆನ್ನುತ್ತಲೇ ಕ್ಯಾನಿನ ಮುಚ್ಚಳ ತೆಗೆದು ಎರಡು ತಟ್ಟೆಗೂ ಧಾರಾಳವಾಗಿ ಸುರಿದಳು.

‘ಅಮ್ಮಾ, ಅದ್ರಲ್ಲಿ ಸಾಸ್ ಐತೆ!’ ಎಂದು ಕಲ್ಲೇಶ ಅರಚಿದ. ತಡವಾಗಿತ್ತು. ಬೆಳ್ಳಗಿನ ಕಾಯಿಹಾಲು ಎಲೆಕೋಸನ್ನು ಸುತ್ತಿಕೊಂಡು, ಸಾಸಿನ ಜೊತೆ ಬೆರೆತು, ಮಳೆಗಾಲದ ಬಸ್‌ಸ್ಟ್ಯಾಂಡಿನ ಬಣ್ಣಕ್ಕೆ ತಿರುಗಿತು.

‘ತಿನ್ನಿ’ ಎಂದಳು ಅತ್ತೆ.

ನಾನು ಚಮಚ ಮುಟ್ಟಲಿಲ್ಲ. ಲೋಕೇಶ ತಿಂದ. ಒಂದು ತುತ್ತು ತಿಂದು ನಿಲ್ಲಿಸಬಹುದಿತ್ತು. ಅವನು ನಿಲ್ಲಿಸಲಿಲ್ಲ. ಉಪ್ಪು, ಖಾರ, ಹುಳಿ, ಬೆಲ್ಲ, ಏಲಕ್ಕಿ, ದೊಣ್ಣೆಮೆಣಸಿನಕಾಯಿ ಎಲ್ಲ ಒಟ್ಟಾದ ಆ ಪದಾರ್ಥವನ್ನು, ಒಂದು ಎಳೆಯೂ ಮುರಿಯದ ಹಾಗೆ, ಕಣ್ಣಲ್ಲಿ ನೀರು ತುಂಬಿಕೊಂಡು ತಟ್ಟೆ ಖಾಲಿಯಾಗುವ ತನಕ ತಿಂದ. ನನ್ನ ಉತ್ತರ ಏನು ಎಂಬುದರಲ್ಲಿ ನನಗೆ ಅದುವರೆಗೆ ಕೊಂಚ ಅನುಮಾನ ಉಳಿದಿತ್ತೋ ಏನೋ. ಆ ಮೇಲೆ ಉಳಿಯಲಿಲ್ಲ.

ಆದರೆ ಅತ್ತೆಯ ಹುಬ್ಬು ಗಂಟಿಕ್ಕಿತ್ತು. ನನ್ನ ತಟ್ಟೆಯಿಂದ ಒಂದು ಎಳೆ ಎತ್ತಿ ಬೆರಳಲ್ಲಿ ಹೊಸಕಿದಳು, ಮೂಸಿದಳು, ನಾಲಿಗೆಯ ತುದಿಗಿಟ್ಟುಕೊಂಡಳು. ‘ಏನಪ್ಪಾ ಇದು? ಅಕ್ಕಿಯೋ, ರಾಗಿಯೋ?’

‘ಮೈದಾ ಅಮ್ಮ. ಪ್ಯಾಕೆಟ್ಟಲ್ಲಿ ಬತ್ತದೆ.’

‘ಒತ್ತೋದು ಯಾರು?’

‘ಯಾರೂ ಒತ್ತಲ್ಲ. ಮಿಷನ್ನು.’

ಗೌರತ್ತೆಯ ಮುಖ ಅರಳಿದ್ದನ್ನು ನೀವು ನೋಡಬೇಕಿತ್ತು. ಕೋರ್ಟಿನಲ್ಲಿ ಕೇಸು ಗೆದ್ದವರ ಹಾಗೆ ಬಾಗಿಲ ಕಡೆ ತಿರುಗಿ, ಬೀದಿಗೆಲ್ಲ ಕೇಳುವ ಹಾಗೆ ಹೇಳಿದಳು: ‘ಕೇಳಿಸ್ಕೊಳ್ಳಿ ಶಾಂತಮ್ಮ! ಇದು ಶಾವಿಗೆ ಅಲ್ಲ. ಮೈದಾ ದಾರ! ಯಾರೂ ಒತ್ತಿಲ್ಲ, ಏನೂ ಆಗಿಲ್ಲ. ನಮ್ಮ ಹುಡುಗಿ ಹೋಟೆಲ್ ತಿಂಡಿ ತಿಂದವ್ಳೆ, ಅಷ್ಟೇಯ!’ ಆಮೇಲೆ ಕಲ್ಲೇಶನಿಗೆ, ‘ನಾಳೆ ಬೆಳಗ್ಗೆ ಅಷ್ಟೊತ್ತಿಗೆ ಬೋರ್ಡಲ್ಲಿ ಶಾವಿಗೆ ಅನ್ನೋದನ್ನ ಅಳಿಸಿರ್ಬೇಕು ಕಣಪ್ಪ. ಅದೇನೋ ನೂಡ್ಲೋ ಗೀಡ್ಲೋ, ಅದನ್ನೇ ಬರಿ’ ಎಂದಳು. ಕಲ್ಲೇಶ ತಲೆಯಾಡಿಸಿದ. ಶಾಂತಮ್ಮನಿಗೆ ಇಷ್ಟು ದೊಡ್ಡ ಸುದ್ದಿ ಕೈಯಲ್ಲೇ ಕರಗಿಹೋದದ್ದರಿಂದ ಬಹಳ ಬೇಜಾರಾಯಿತು.

ಮರ್ಯಾದೆ ಉಳಿಯಿತು. ಸಂಬಂಧ ಮಾತ್ರ ಮತ್ತೆ ಉಪ್ಪಿಟ್ಟಿನ ಹಂತಕ್ಕೆ ಬಂದು ನಿಂತಿತು. ಲೋಕೇಶ ನನ್ನ ಕಡೆ ನೋಡಿ, ‘ಹಂಗಾದ್ರೆ… ಏನೂ ಆಗಿಲ್ವಾ?’ ಎಂದು ಮೆಲ್ಲಗೆ ಕೇಳಿದ. ಅತ್ತೆ, ಶಾಂತಮ್ಮ, ಕಲ್ಲೇಶ, ಗೋಬಿ ತಿನ್ನಲು ಬಂದಿದ್ದ ಕಾಲೇಜು ಹುಡುಗರು, ಎಲ್ಲರೂ ಕಿವಿ ತೆರೆದು ನಿಂತಿದ್ದರು. ಊರೆಲ್ಲ ಹರಟುವ ನನ್ನ ಬಾಯಿಂದ ಒಂದು ‘ಹೂಂ’ ಕೂಡ ಹೊರಡಲಿಲ್ಲ. ಅವನ ಮುಖ ಬಾಡಿತು. ನನಗೆ ಅಳು ಬಂದಂತಾಯಿತು, ನಿಜವಾಗಿಯೂ.

ಪುಣ್ಯಕ್ಕೆ ಅತ್ತೆಗೆ ತಾನು ಸುರಿದದ್ದರ ಪಾಪಭಯ ಆಗಷ್ಟೇ ಹತ್ತಿತು. ‘ಆ ಕಲಸುಮೇಲೋಗರ ಹೊಟ್ಟೇಲಿ ಇಟ್ಕೊಂಡು ಹಳೇಬೀಡು ಬಸ್ಸಲ್ಲಿ ಕುಲುಕಾಡಿದ್ರೆ ಏನು ಗತಿ? ಬನ್ನಿ, ಮನೇಗೆ ಬಂದು ಒಂದು ಲೋಟ ಮಜ್ಜಿಗೆ ಕುಡುದು ಹೋಗಿ’ ಎಂದು ಅವನನ್ನು ಕರೆದುಕೊಂಡು ಹೊರಟಳು. ಮಜ್ಜಿಗೆಗೆ ಯಾವ ಅರ್ಥವೂ ಇಲ್ಲ ಎಂದು ದಾರಿಯಲ್ಲಿ ಶಾಂತಮ್ಮನಿಗೆ ಎರಡು ಸಲ ಹೇಳಿದಳು.

ನಾನು ಮುಂದೆ ಓಡಿದೆ. ಓಡುವುದು ನನಗೆ ಒಗ್ಗುವ ಕೆಲಸವಲ್ಲ, ಆದರೂ ಓಡಿದೆ. ಅಟ್ಟದ ಏಣಿ ಹತ್ತಿ ಒರಳನ್ನು ಇಳಿಸಿದ ರಭಸಕ್ಕೆ ಅದರ ಮೇಲಿದ್ದ ಧೂಳೆಲ್ಲ ನನ್ನ ತಲೆಯ ಮೇಲೆ ಬಿತ್ತು. ಅಮ್ಮ ‘ಏನಾಯ್ತೇ?’ ಎನ್ನುತ್ತ ಬರುವಷ್ಟರಲ್ಲಿ ಅದನ್ನು ಎಳೆದು ತಂದು ನಡುಮನೆಯ ಮಧ್ಯೆ ನಿಲ್ಲಿಸಿದ್ದೆ. ಅತ್ತೆ ಬಂದಳು, ಲೋಕೇಶನನ್ನು ಬೆಂಚಿನ ಮೇಲೆ ಕೂರಿಸಿ ಮಜ್ಜಿಗೆ ಕೊಟ್ಟಳು, ಆಮೇಲೆ ತಿರುಗಿ ನೋಡಿದಳು. ಎಲ್ಲರೂ ನೋಡುತ್ತಿರುವಾಗಲೇ ನಾನು ಒರಳಿನ ತೋಳಿನ ತುದಿ ಹತ್ತಿ ಕೂತೆ.

ಒಳಗೆ ಉಂಡೆ ಇಲ್ಲದ ಒರಳು. ತೋಳು ಧಡ್ಡೆಂದು ಕೆಳಗಿಳಿಯಿತು, ಜೊತೆಗೆ ನಾನೂ. ಲೋಕೇಶನ ಮಜ್ಜಿಗೆ ಇಸ್ತ್ರಿ ಅಂಗಿಯ ಮೇಲೆ ಚೆಲ್ಲಿತು.

‘ಇದೇನೇ ನಿನ್ನ ಅವತಾರ?’ ಎಂದಳು ಅತ್ತೆ. ‘ಹಿಟ್ಟಿಲ್ಲ, ಉಂಡೆ ಬೆಂದಿಲ್ಲ, ಒಲೆ ಹಚ್ಚಿಲ್ಲ. ಇಳಿ ಕೆಳಗೆ.’

‘ನೀನು ಒಲೆ ಹಚ್ಚು ಅತ್ತೆ’ ಎಂದೆ. ‘ನಾನು ಇಲ್ಲೇ ಕೂತಿರ್ತೀನಿ.’

ಅಕ್ಕಂದಿರಿಗೆಲ್ಲ ಬೇರೆಯವರು ಕೂರಿಸಿದಾಗ ಕೂತವಳು ನಾನು. ನನಗಾಗಿ, ನನ್ನಷ್ಟಕ್ಕೆ ನಾನೇ ಹತ್ತಿ ಕೂತದ್ದು ಅದೊಂದೇ ಸಲ. ಅತ್ತೆ ನನ್ನನ್ನು ನೋಡಿದಳು. ಮಜ್ಜಿಗೆಯಲ್ಲಿ ನೆನೆದು, ಬಾಯಿ ತೆರೆದು, ನನ್ನ ಉತ್ತರ ಅರ್ಥವಾದ ಮುಖದಲ್ಲಿ ನಗುತ್ತಿದ್ದ ಅವನನ್ನು ನೋಡಿದಳು. ಸೆರಗಿನಿಂದ ಒಂದು ಸಲ ಮೂಗು ಒರೆಸಿಕೊಂಡು ಅಡುಗೆಮನೆಯ ಕಡೆ ನಡೆದಳು.

‘ಇದ್ದ ಕಾಯಿಹಾಲೆಲ್ಲ ಆ ದಾರಕ್ಕೆ ಸುರಿದು ಬಂದೆ, ಹಾಳಾದ್ದು’ ಎಂದು ಒಳಗಿನಿಂದ ಗೊಣಗುವುದು ಕೇಳಿಸಿತು. ಆಮೇಲೆ ಕಾಯಿ ಒಡೆದ ಸದ್ದು. ನಾನು ಭಾರ ಬಿಟ್ಟು ಇನ್ನಷ್ಟು ಗಟ್ಟಿಯಾಗಿ ಕೂತೆ.